ಅಂಕಸಮುದ್ರದ ಜಾಲಿ ಮತ್ತು ಕೊಕ್ಕರೆಯ ಲೆಕ್ಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ– ಸೇವಾವಧಿಯಲ್ಲಿ ನಾನು ಈ ಹೆಸರುಗಳನ್ನು ಓದಿದ್ದು ಬಹುಮಟ್ಟಿಗೆ ಬರಪರಿಹಾರದ ಕಡತಗಳಲ್ಲಿ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಐದೂ ಅದರ ತೆಕ್ಕೆಗೆ ಬಂದವು. ಇಂಥ ಒಣಸೀಮೆಯ ಅಂಕಸಮುದ್ರ ಕೆರೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದಾಗ ನನಗೆ ಅಚ್ಚರಿಯೇ ಆಯಿತು.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಈ ಕೆರೆ ನೂರು ಹೆಕ್ಟೇರನ್ನೂ ಮುಟ್ಟುವುದಿಲ್ಲ. ಶತಮಾನಗಳ ಹಿಂದೆ ಗದ್ದೆಗೆ ನೀರುಣಿಸಲು ಕಟ್ಟಿದ್ದು, ಹಕ್ಕಿಗಳಿಗಾಗಿ ಅಲ್ಲ. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ರಾಮ್ಸಾರ್ ದಾಖಲೆಯ ಪ್ರಕಾರ ಇಲ್ಲಿ ತಂಗುವ, ಗೂಡುಕಟ್ಟುವ ನೀರುಹಕ್ಕಿಗಳು 30 ಸಾವಿರಕ್ಕೂ ಹೆಚ್ಚು. ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು, ನೀರುಕಾಗೆಗಳು ಏರಿಯ ಮೇಲೆ ನಿಂತರೆ ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತವೆ!

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಸಂಖ್ಯೆ ಕಂಡರೆ ಅದರ ಮಿತಿ ಯಾವುದೆಂದು ಕೇಳುವ ಚಟ. ಮಾಲ್ಥಸ್ 1798ರಲ್ಲಿ ಅನ್ನದ ಮಿತಿಯನ್ನು ಹೇಳಿದ. ಬೆಲ್ಜಿಯಂನ ಗಣಿತಜ್ಞ ವರ್ಹಲ್ಸ್ಟ್ 1838ರಲ್ಲಿ ಅದನ್ನೇ ಸಮೀಕರಣವಾಗಿಸಿದ: ಸಂತತಿ ಮೊದಲು ವೇಗವಾಗಿ ಬೆಳೆದು, ನೆಲೆಯ ಧಾರಣಶಕ್ತಿ ಸಮೀಪಿಸಿದಂತೆ ನಿಧಾನಿಸುತ್ತದೆ. ಆದರೆ ಕೊಕ್ಕರೆಯ ಮಿತಿ ಮೀನೊಂದೇ ಅಲ್ಲ, ಮರವೂ ಹೌದು. ನೀರಿನ ನಡುವೆ ನಿಂತ ಕರಿಜಾಲಿಯ ಮೇಲೆ ಗೂಡಿದ್ದರೆ ಕಾಡುಬೆಕ್ಕು, ಮಂಗಗಳು ಮರಿಗಳ ಬಳಿ ಸುಲಭವಾಗಿ ಸುಳಿಯಲಾರವು. ಹಕ್ಕಿಯ ಹಿಕ್ಕೆ ನೀರಿಗೆ ಬಿದ್ದು ಪಾಚಿಗೆ ಗೊಬ್ಬರವಾಗುತ್ತದೆ, ಪಾಚಿಯಿಂದ ಹುಳು, ಹುಳುವಿನಿಂದ ಮೀನು. ಹೀಗೆ ಪಡೆದುದರಲ್ಲಿ ಒಂದು ಪಾಲನ್ನು ಹಕ್ಕಿ ಮರಳಿಸುತ್ತದೆ.

ತೊಡಕಿರುವುದು ಮರದಲ್ಲಿ. ಕರಿಜಾಲಿ ಕೆಲವು ತಿಂಗಳ ಮುಳುಗಡೆಯನ್ನು ತಾಳುತ್ತದೆ. ವರ್ಷಗಟ್ಟಲೆ ನೀರಲ್ಲೇ ನಿಂತರೆ ಬೇರು ಉಸಿರುಗಟ್ಟಿ ಒಣಗುತ್ತದೆ. ಅದರ ಬೀಜ ಮೊಳೆತು ಸಸಿಯಾಗಲು ಕೆರೆಯಂಗಳ ಆಗಾಗ ಬರಿದಾಗಲೇಬೇಕು. ಬೇಸಿಗೆಯಲ್ಲಿ ಒಣಗುವುದು ಕೆರೆಯ ರೋಗವೆಂದು ನಾವು ತಿಳಿದಿದ್ದೇವೆ. 'ಕೆರೆ ತುಂಬಿಸುವ' ಯೋಜನೆಗಳು ರೈತನಿಗೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸದಾ ತುಂಬಿದ ಕೆರೆ ಇಂದಿನ ಹಕ್ಕಿಗೆ ಮೀನು ಕೊಟ್ಟು ನಾಳೆಯ ಹಕ್ಕಿಯ ಗೂಡು ಕಸಿಯುತ್ತದೆ. ನೀರು ಬಿಡುವ ವೇಳಾಪಟ್ಟಿಯನ್ನು ನೀರಾವರಿ ಮತ್ತು ಅರಣ್ಯ ಇಲಾಖೆಗಳು ಒಟ್ಟಿಗೆ ಕುಳಿತು ಬರೆಯಬೇಕು. ಹಾಗೆ ಕುಳಿತುಕೊಳ್ಳುವುದು ಎಷ್ಟು ಕಷ್ಟವೆಂದು ನಾನು ಬಲ್ಲೆ!

ಮೀಸಲು ಪ್ರದೇಶದ ಗಡಿಯೂ ಹಕ್ಕಿಗೆ ತಿಳಿಯದು. ಮರಿಗೆ ಗುಟುಕು ತರಲು ಅದು ಸುತ್ತಲ ಗದ್ದೆಗಳಿಗೆ, ತುಂಗಭದ್ರೆಯ ಹಿನ್ನೀರಿಗೆ ಹಾರುತ್ತದೆ. ಗದ್ದೆಗೆ ಸಿಂಪಡಿಸಿದ ವಿಷ ಗೂಡನ್ನು ತಲುಪಲು ಯಾರ ಅನುಮತಿಯೂ ಬೇಕಿಲ್ಲ. ಕೂಡ್ಲಿಗಿಯ ಗುಡೇಕೋಟೆ ಕರಡಿಧಾಮದ್ದೂ ಇದೇ ಕಥೆ: ಬಂಡೆಯ ಗವಿಯಷ್ಟೇ ಕರಡಿಗೆ ಸಾಲದು, ಗೆದ್ದಲು, ಜೇನು, ಕಾರೆ, ಕವಳೆಹಣ್ಣು ಸಿಗುವ ಕುರುಚಲು ಕಾಡು ಬೇಕು. ಅದು ಕ್ಷೀಣಿಸಿದರೆ ಕರಡಿ ಹೊಲಕ್ಕಿಳಿಯುತ್ತದೆ. ನಾವದನ್ನು 'ಹಾವಳಿ' ಎನ್ನುತ್ತೇವೆ.

ಅಧಿಕಾರದಲ್ಲಿದ್ದಾಗ ಬೇರೊಂದು ಕೆರೆಯಂಗಳದ ಜಾಲಿಮರಗಳ ಹರಾಜಿಗೆ ನಾನೇ ಸಹಿ ಹಾಕಿದ್ದೆ. ಕಡತದಲ್ಲಿ ಮರಗಳ ಸಂಖ್ಯೆ, ಸುತ್ತಳತೆ, ಅಂದಾಜು ಬೆಲೆ ಎಲ್ಲವೂ ಇದ್ದವು. ಗೂಡುಗಳಿಗೆ ಅಲ್ಲಿ ಅಂಕಣವಿರಲಿಲ್ಲ, ನಾನೂ ಕೇಳಲಿಲ್ಲ.