ಮನೆಯ ಬುಡದಲ್ಲಿ ನೀರು ನಿಲ್ಲದಿರಲಿ

ಬರದ ಸೀಮೆಯವರಿಗೆ ಚರಂಡಿಯ ಚಿಂತೆ ಏತಕ್ಕೆ ಎಂದು ಕೆಲವರು ಕೇಳಬಹುದು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣದಿಂದ ಈಗ ಹೆಸರಾಗಿರುವ ಕುದಾಪುರವಾಗಲಿ, ನೆರೆಯ ಮೊಳಕಾಲ್ಮೂರು ಸೀಮೆಯಾಗಲಿ, ಮುಗಿಲು ನೋಡಿ ಬಾಳುವ ನೆಲವೇ ಸರಿ. ಆದರೆ ಮಳೆ ಕಡಿಮೆಯೆಂದರೆ ಮೆಲ್ಲಗೆ ಬೀಳುತ್ತದೆಂದು ಅರ್ಥವಲ್ಲ. ತಿಂಗಳುಗಟ್ಟಲೆ ಬಾರದ ಮಳೆ ಒಂದೇ ರಾತ್ರಿಯಲ್ಲಿ ಸುರಿದುಬಿಡುವುದುಂಟು. ಮಣ್ಣಿನ ಗೋಡೆ ಕುಸಿಯುವುದು ಇಂಥ ಮಳೆಯಲ್ಲಿಯೇ. ಒಳಗೆ ಜನ ಮಲಗಿರುತ್ತಾರೆ. ಆದುದರಿಂದ ಇದು ಅಂಗಳದ ಅಂದಚೆಂದದ ಮಾತಲ್ಲ, ಪ್ರಾಣದ ಮಾತು.

ನೀರು ಮನೆಯನ್ನು ಕೆಡಿಸುವ ಬಗೆ ಎರಡು. ಮೊದಲನೆಯದಾಗಿ, ಬುಡದಲ್ಲಿ ನಿಂತ ನೀರನ್ನು ಹೀರಿ ಮಣ್ಣಿನ ಗೋಡೆ ಮೆತ್ತಗಾಗುತ್ತದೆ. ಮಾಳಿಗೆಯ ಭಾರ ತಾಳಲಾರದೆ ಕುಸಿಯುತ್ತದೆ. ಎರಡನೆಯದು ಎರೆಭೂಮಿಯ ಕಾಟ. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರಿಯುವುದೇ ಇದಕ್ಕೆ ಸಾಕ್ಷಿ. ಮನೆಯ ಒಂದು ಮೂಲೆಯ ಕೆಳಗೆ ಮಾತ್ರ ನೀರಿಳಿದರೆ ಆ ಮೂಲೆ ಮೇಲೇಳುತ್ತದೆ. ಉಳಿದ ಭಾಗ ಇದ್ದಲ್ಲಿಯೇ ಇರುತ್ತದೆ. ನಡುವಣ ಗೋಡೆ ಸೀಳುತ್ತದೆ. ಕಲ್ಲು ಸಿಮೆಂಟಿನ ಮನೆಗೂ ಈ ಭಯ ತಪ್ಪಿದ್ದಲ್ಲ.

ನೀರಿನ ಮೊತ್ತವೆಷ್ಟೆಂದು ಲೆಕ್ಕ ಹಾಕೋಣ. 30 ಅಡಿ ಉದ್ದ, 20 ಅಡಿ ಅಗಲದ ಮಾಳಿಗೆಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2,800 ಲೀಟರ್ ನೀರಾಗುತ್ತದೆ. 15 ಲೀಟರಿನ ಕೊಡದಲ್ಲಿ ಅಳೆದರೆ ಸುಮಾರು 185 ಕೊಡ! ಇಷ್ಟನ್ನೂ ಗೋಡೆಯ ಬುಡಕ್ಕೆ ಸುರಿಯುವುದೆಂದರೇನು? ಆದಕಾರಣ ಮಾಳಿಗೆಯ ನೀರನ್ನು ಕೊಳವೆಯಲ್ಲಿಳಿಸಿ ದೂರ ಸಾಗಿಸುವುದೇ ಮೊದಲ ಕೆಲಸ.

ಎರಡನೆಯದು ಅಂಗಳದ ಇಳಿಜಾರು. ಗೋಡೆಯಿಂದ 10 ಅಡಿ ದೂರಕ್ಕೆ 6 ಅಂಗುಲ ಇಳಿತವಿದ್ದರೆ ಸಾಕು. ಗಾರೆಯವರು ಬಳಸುವ ನೀರು ತುಂಬಿದ ಮಟ್ಟದ ಕೊಳವೆಯಿಂದ ಇದನ್ನು ಯಾರೂ ಅಳೆಯಬಹುದು. ಮಣ್ಣನ್ನು ಪದರ ಪದರವಾಗಿ ಹಾಕಿ ದಮ್ಮಸು ಮಾಡಬೇಕು. ಆದರೆ ತಳಪಾಯದ ಕಲ್ಲನ್ನು ಮುಚ್ಚಿ ಗೋಡೆಗೆ ತಾಗುವಷ್ಟು ಏರಿಸಬಾರದು. ಮನೆಯ ಸುತ್ತ ಮೂರಡಿ ಅಗಲಕ್ಕೆ ಚಪ್ಪಡಿ ಹಾಸಿ ಸಂದುಗಳಿಗೆ ಗಾರೆ ತುಂಬಿದರೆ ಬುಡ ಇನ್ನೂ ಭದ್ರ.

ಆಚೆಗೆ ಚರಂಡಿ. 100 ಅಡಿಗೆ ಒಂದು ಅಡಿ ಇಳಿತ ಕೊಡಬೇಕು. ಕಸ ತೆಗೆಯಲು ತೆರೆದ ಕಲ್ಲು ಚರಂಡಿಯೇ ಅನುಕೂಲ. ಮೇಲಿನ ದಿಣ್ಣೆಯಿಂದ ನೆಲದೊಳಗೇ ನೀರು ಜಿನುಗಿ ಬರುವಲ್ಲಿ ಜಲ್ಲಿ ತುಂಬಿದ ಕಾಲುವೆ ಬೇಕಾಗುತ್ತದೆ: ಮನೆಯ ಮೇಲ್ಭಾಗದಲ್ಲಿ, ಗೋಡೆಯಿಂದ ಕೆಲವು ಅಡಿ ಬಿಟ್ಟು ತೋಡಿ, ತಳದಲ್ಲಿ ರಂಧ್ರಗಳುಳ್ಳ ಕೊಳವೆಯಿಟ್ಟು, ಮಣ್ಣು ನುಗ್ಗದಂತೆ ಸೋಸುಬಟ್ಟೆ ಹೊದಿಸಿ ಜಲ್ಲಿ ತುಂಬುವುದು. ಇದನ್ನು ಫ್ರೆಂಚ್ ಚರಂಡಿ ಎನ್ನುತ್ತಾರೆ. ಈ ಹೆಸರು ಫ್ರಾನ್ಸ್ ದೇಶದಿಂದ ಬಂದುದಲ್ಲ. 1859ರಲ್ಲಿ ಹೊಲಗಳ ಬಸಿಗಾಲುವೆಯನ್ನು ಕುರಿತು ಪುಸ್ತಕ ಬರೆದ ಅಮೆರಿಕದ ಹೆನ್ರಿ ಫ್ರೆಂಚ್ ಎಂಬವರಿಂದ ಬಂದುದು.

ಕೊನೆಯ ಪ್ರಶ್ನೆಯೇ ದೊಡ್ಡದು: ನೀರು ಎಲ್ಲಿಗೆ ಹೋಗಬೇಕು? ನೆರೆಮನೆಯ ಗೋಡೆಗೆ ಸಾಗಿಸಿದರೆ ಅದು ಚರಂಡಿಯಲ್ಲ, ಅಪಕಾರ. ಎರೆಮಣ್ಣಿನಲ್ಲಿ ಇಂಗುಗುಂಡಿಯ ನೀರು ಬೇಗ ಇಂಗುವುದಿಲ್ಲ. ಅದನ್ನು ಮನೆಯಿಂದ ಸಾಕಷ್ಟು ದೂರವೇ ತೋಡಬೇಕು. ಮಾಳಿಗೆಯ ನೀರನ್ನು ತೊಟ್ಟಿಗೆ, ಅಂಗಳದ ನೀರನ್ನು ಹಿತ್ತಿಲ ಗಿಡಗಳಿಗೆ, ಮಿಕ್ಕದ್ದನ್ನು ಊರ ಕೆರೆಗೆ ಬಿಡುವುದು ಲೇಸು. ನಮ್ಮ ಹಿರಿಯರಿಗೆ ಈ ಜಾಣ್ಮೆಯಿತ್ತು. ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಮುಂದೆ ಸಂತೆಹೊಂಡಕ್ಕೆ ಇಳಿಯುವಂತೆ ಕಟ್ಟಿದ್ದಾರೆ. ನೀರನ್ನು ದೂರ ಮಾಡಬೇಕು, ಹಾಳು ಮಾಡಬಾರದು ಎಂಬುದೇ ಅದರ ಪಾಠ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಗಾದೆ ನಗುತ್ತದೆ. ಮಳೆ ಹಿಡಿದ ಮೇಲೆ ಚರಂಡಿ ತೋಡುವವರೂ ಅದೇ ಸಾಲಿಗೆ ಸೇರಿದವರು. ಹಾರೆ, ಗುದ್ದಲಿ, ಎರಡು ದಿನದ ದುಡಿಮೆ ಇದ್ದರೆ ಇಳಿಜಾರಿನ ಕೆಲಸವಾದರೂ ಮುಗಿಯುತ್ತದೆ. ಬೇಸಿಗೆಯ ರಜೆಗೆ ಹಳ್ಳಿಗೆ ಹೋಗುವ ವಿದ್ಯಾರ್ಥಿಮಿತ್ರರು ತಮ್ಮ ಮನೆಯ ಸುತ್ತ ಒಮ್ಮೆ ನಡೆದು ನೋಡಲಿ. ಗೋಡೆಯ ಬುಡದಲ್ಲಿ ತಗ್ಗು ಕಂಡರೆ ಅಂದೇ ಮುಚ್ಚಲಿ.