ಗುಡ್ಡದ ನೀರಿಗೆ ವಾಷಿಂಗ್ ಮೆಷಿನ್ ಜೋಡಿಸಿದ ಕತೆ

ನಮ್ಮ ಮನೆಗೆ ನೀರು ಗುಡ್ಡದ ಸುರಂಗದಿಂದ. ಅಪ್ಪನ ಕಾಲದಲ್ಲಿ ಅಡಿಕೆ ಮರದ ದಂಬೆಯಲ್ಲಿ ಬರುತ್ತಿತ್ತು, ಈಗ ಒಂದಿಂಚಿನ ಪಿವಿಸಿ ಪೈಪಿನಲ್ಲಿ. ದೂರ 900 ಅಡಿ, ಎತ್ತರ ಸುಮಾರು 80 ಅಡಿ. ಪಂಪು ಬೇಡ, ಕರೆಂಟು ಬೇಡ. ಬಚ್ಚಲ ಪಕ್ಕದ ಕಲ್ಲಿನ ಮರಿಗೆಗೆ ಹಗಲೂ ರಾತ್ರಿ ಬೀಳುತ್ತಲೇ ಇರುತ್ತದೆ. ತುಂಬಿ ಹೆಚ್ಚಾದದ್ದು ತೋಟಕ್ಕೆ.

2023ರ ಮಳೆಗಾಲದಲ್ಲಿ ಮನೆಯವಳ ಬಲಭುಜ ಮೇಲೇಳದಾಯಿತು. ಬಟ್ಟೆ ಒಗೆದು ಹಿಂಡುವುದನ್ನು ಬಿಡಲೇಬೇಕೆಂದರು ಡಾಕ್ಟರು. ಒಗೆಯಲು ಬರುತ್ತಿದ್ದವರು ನಿಲ್ಲಿಸಿ ಎರಡು ವರ್ಷವಾಗಿತ್ತು. ಒಂದು ವಾರ ನಾನೇ ಒಗೆದೆ. ಎಂಟನೇ ದಿನ ಪೇಟೆಗೆ ಹೋಗಿ ಮುಂದಿನಿಂದ ಬಟ್ಟೆ ಹಾಕುವ ಆಟೋಮ್ಯಾಟಿಕ್ ಮೆಷಿನ್ ತಂದೆ!

ಜೋಡಿಸಲು ಬಂದ ಹುಡುಗ ಮರಿಗೆಯ ಪೈಪಿಗೆ ಟೀ ಹಾಕಿ, ಮುಕ್ಕಾಲಿಂಚಿನ ನಳ್ಳಿ ಕೂರಿಸಿ ಮೆಷಿನಿನ ಹೋಸ್ ಸಿಕ್ಕಿಸಿದ. ನೀರು ಒಳಗೆ ಹೋಗಲೇ ಇಲ್ಲ. ಎದುರಿಗೆ ಬಾಯಿ ತೆರೆದ ದಾರಿ ಇರುವಾಗ ಅದು ಸಣ್ಣ ಸಂದಿಗೆ ಯಾಕೆ ನುಗ್ಗುತ್ತದೆ? "ಆ ಕಡೆ ಬಂದ್ ಮಾಡುವ ಅಣ್ಣ" ಎಂದ. ಮರಿಗೆಯ ಕಡೆಗೆ ವಾಲ್ವ್ ಹಾಕಿ ತಿರುಗಿಸಿದೆವು. ಮೆಷಿನ್ ಗಳಗಳನೆ ತುಂಬಿತು, ಸಾಕೆನಿಸಿದಾಗ 'ಟಕ್' ಎಂದು ಬಾಯಿ ಮುಚ್ಚಿಕೊಂಡಿತು. ಗೋಡೆಯ ಮೇಲಿನ ಪೈಪು ಒಮ್ಮೆ ನಡುಗಿತು. ಮತ್ತೆ ಹನಿ ನೀರಿಲ್ಲ.

ಜಡಿಮಳೆಯಲ್ಲಿ ಗುಡ್ಡ ಹತ್ತಿ ಹುಡುಕಿದೆ. ಮೂರು ಕಡೆ ಪೈಪು ಕಳಚಿ ಬಿದ್ದಿತ್ತು. ತಪ್ಪು ನನ್ನದೇ. ಹರಿಯುವ ನೀರಿಗೆ ಅಂಟು ಯಾಕೆ, ಕಸ ಕಟ್ಟಿದರೆ ಬಿಡಿಸಲು ಸುಲಭ ಎಂದು ಅಲ್ಲಲ್ಲಿ ಬರೀ ಒತ್ತಿ ಕೂರಿಸಿದ್ದೆ. ಕೊನೆ ತೆರೆದಿರುವ ಪೈಪಿನಲ್ಲಿ ಒತ್ತಡ ಕಡಿಮೆ, ಹಾಗಾಗಿ ವರ್ಷಗಟ್ಟಲೆ ನಿಂತಿತ್ತು. ಕೊನೆ ಮುಚ್ಚಿದರೆ ಪ್ರತಿ 33 ಅಡಿ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಒಂದು ಕಿಲೋದಂತೆ ಒತ್ತಡ ಏರುತ್ತದೆ. ನಮ್ಮ 80 ಅಡಿಗೆ ಹೆಚ್ಚುಕಡಿಮೆ ಎರಡೂವರೆ ಕಿಲೋ. ಸಾಲದ್ದಕ್ಕೆ, ನಾವು ನಳ್ಳಿಯನ್ನು ನಿಧಾನ ತಿರುಗಿಸುತ್ತೇವೆ. ಮೆಷಿನಿನ ವಾಲ್ವ್ ಹಾಗಲ್ಲ, ತಟ್ಟನೆ ಮುಚ್ಚುತ್ತದೆ. 900 ಅಡಿ ಉದ್ದದ ನೀರು ಓಡಿ ಬಂದು ಮುಚ್ಚಿದ ಬಾಗಿಲಿಗೆ ಗುದ್ದಿದ ಹಾಗೆ.

ಎಲ್ಲ ಜೋಡಣೆಗೂ ಅಂಟು ಹಾಕಬಹುದಿತ್ತು. ಆದರೆ ಗುದ್ದು ತಪ್ಪುವುದಿಲ್ಲವಲ್ಲ. ಅದಕ್ಕೆ ನಡುವೆ ಟ್ಯಾಂಕಿ ಇಟ್ಟೆ. ಗುಡ್ಡದ ಪೈಪು 500 ಲೀಟರಿನ ಟ್ಯಾಂಕಿಗೆ ತೆರೆದ ಬಾಯಿಯಲ್ಲೇ ಬೀಳುತ್ತದೆ, ತುಂಬಿ ಹೊರಬಂದದ್ದು ಮೊದಲಿನಂತೆ ಮರಿಗೆಗೆ. ಹರಿವು ಎಲ್ಲೂ ನಿಲ್ಲುವುದಿಲ್ಲ. ಮೆಷಿನಿಗೆ ನೀರು ಟ್ಯಾಂಕಿಯ ಬುಡದಿಂದ.

ಇಲ್ಲಿ ಎರಡನೇ ಪಾಠ. ಬಚ್ಚಲ ತಾರಸಿಯ ಮೇಲಿಟ್ಟ ಟ್ಯಾಂಕಿಯ ತಳ ಮೆಷಿನಿನ ಬಾಯಿಯಿಂದ ಎಂಟೇ ಅಡಿ ಮೇಲಿತ್ತು. ಅಂದರೆ ಕಾಲು ಕಿಲೋ ಒತ್ತಡವೂ ಪೂರ್ತಿ ಇಲ್ಲ. ನಮ್ಮ ಮೆಷಿನಿನ ಪುಸ್ತಕ ಕೇಳುವುದು ಕನಿಷ್ಠ 0.3 ಕಿಲೋ. ಅರ್ಧದಲ್ಲೇ ಪೀಂಪೀಂ ಎಂದು ನಿಂತುಬಿಡುತ್ತಿತ್ತು. ಕೆಂಪುಕಲ್ಲಿನ ಕಂಬ ಕಟ್ಟಿ ಇನ್ನೂ ಐದು ಅಡಿ ಏರಿಸಿದ ಮೇಲೆ ಸರಿಯಾಯಿತು. ಅಳೆಯುವಾಗ ಟ್ಯಾಂಕಿಯ ತಳದಿಂದಲೇ ಅಳೆಯಿರಿ. ಮೆಷಿನ್ ಕೊಳ್ಳುವ ಮೊದಲೇ ಎಷ್ಟು ಒತ್ತಡ ಬೇಕೆಂದು ಕೇಳಿ. ಅಷ್ಟು ಎತ್ತರ ಸಿಗದವರಿಗೆ ಕೊಡದಲ್ಲಿ ಸುರಿದರೂ ನಡೆಯುವ ಸೆಮಿ ಆಟೋಮ್ಯಾಟಿಕ್ ಇದೆ.

ಕೊಳೆನೀರಿನ ಪೈಪನ್ನು ತಗ್ಗಿನ ಕಣಿಗೆ ಇಳಿಬಿಟ್ಟೆ ನೋಡಿ, ಬಂದ ನೀರೆಲ್ಲ ತಾನಾಗಿ ಎಳೆದುಕೊಂಡು ಹೋಗಿ ಮೆಷಿನ್ ತುಂಬಲೇ ಇಲ್ಲ! ಎರಡೂವರೆ ಅಡಿ ಎತ್ತರದ ನಿಲುಪೈಪಿನ ಬಾಯಿಗೆ ಸಡಿಲವಾಗಿ ತೂಗಿಬಿಟ್ಟ ಮೇಲೆ ಸರಿ. ಆ ನೀರು ಬಾಳೆಯ ಕಣಿಗೆ ಹೋಗುತ್ತದೆ. ಸೋಪುಪುಡಿಯ ಸೋಡಿಯಂ ಒಂದೇ ಜಾಗದಲ್ಲಿ ಸೇರಬಾರದೆಂದು ತಿಂಗಳಿಗೊಮ್ಮೆ ಕಣಿ ಬದಲಿಸುತ್ತೇನೆ. ಮೆತು ನೀರಾದ್ದರಿಂದ ಪೊಟ್ಟಣದಲ್ಲಿ ಹೇಳಿದ ಅರ್ಧ ಪುಡಿಯೇ ನಮಗೆ ಸಾಕಾಗುತ್ತದೆ.

ಮಳೆಗಾಲದಲ್ಲಿ ಮಣ್ಣಿನ ಕಣ ಬಂದು ಮೆಷಿನಿನ ಬಾಯಿಯ ಜಾಲರಿ ಕಟ್ಟುತ್ತದೆ. ನಳ್ಳಿ ಮುಚ್ಚಿ, ಹೋಸ್ ಬಿಡಿಸಿ, ಹಳೆ ಬ್ರಷ್‌ನಲ್ಲಿ ಉಜ್ಜಿದರೆ ಆಯಿತು. ಒದ್ದೆ ನೆಲದ ಕೆಲಸ, ಪ್ಲಗ್ ಕಿತ್ತೇ ಮುಟ್ಟಿ. ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ನೋಡಿ ಹೇಳುವವರೆಗೆ ಸ್ವಿಚ್ಚು ಹಾಕಲೇಬೇಡಿ.

ಮನೆಯವಳ ಭುಜ ಈಗ ಪರವಾಗಿಲ್ಲ. ಬೋರ್ಡೋ ಸಿಂಪಡಿಸಿದ ದಿನದ ಅಂಗಿಯನ್ನು ಮಾತ್ರ ಮೆಷಿನಿಗೆ ಹಾಕಲು ಅವಳು ಬಿಡುವುದಿಲ್ಲ. "ಅದು ನಿಮ್ಮದು, ಕಲ್ಲು ಅಲ್ಲೇ ಉಂಟು" ಎನ್ನುತ್ತಾಳೆ.