ಕೋವಿಯ ಹಿಂದೊದೆತವೂ ಚಲಿಸುವ ಭಾಗಗಳ ಭಾರವೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಗೆ ಸೇರಿವೆ. ಈ ಸೀಮೆಯ ಇತಿಹಾಸವನ್ನು ಬೋಧಿಸುವಾಗ ಹರಪನಹಳ್ಳಿ, ಗುಡೇಕೋಟೆ, ಜರಿಮಲೆಗಳ ಪಾಳೆಯಗಾರರ ವಿಷಯ ಬಾರದಿರದು. 1800ರಲ್ಲಿ ನಿಜಾಮನು ಈ ಭಾಗವನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಕಲೆಕ್ಟರನಾಗಿದ್ದು ಪಾಳೆಯಗಾರರ ಸೈನ್ಯಬಲವನ್ನು ಮುರಿದನೆಂಬುದೂ ಪಾಠದಲ್ಲಿ ಬರುತ್ತದೆ. ಆದರೆ ಕೋವಿ, ತೋಪುಗಳು ಅಲ್ಲಿ ಹೆಸರಿಗೆ ಮಾತ್ರ ಬಂದುಹೋಗುತ್ತವೆ; ಅವುಗಳ ಕೆಲಸದ ಬಗೆಯನ್ನು ನಾವು ವಿವರಿಸುವುದು ವಿರಳ. ಆಯುಧವು ಹಗುರವಾದಷ್ಟೂ ಸುಧಾರಿಸಿತೆಂದು ವಿದ್ಯಾರ್ಥಿಗಳು ಎಣಿಸುವುದಕ್ಕೆ ಇದೂ ಒಂದು ಕಾರಣ. ಈ ಎಣಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಅರೆಸ್ವಯಂಚಾಲಿತ ರೈಫಲನ್ನು ನಿದರ್ಶನವಾಗಿಟ್ಟುಕೊಂಡು ಇಲ್ಲಿ ಪರಿಶೀಲಿಸುವೆವು.

ಮೊದಲು ಮೂಲ ನಿಯಮ. ಗುಂಡು ಮುಂದಕ್ಕೆ ಹಾರಿದರೆ ಕೋವಿ ಹಿಂದಕ್ಕೆ ಒದೆಯುತ್ತದೆ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ ದೊರೆಯುತ್ತದೆ. ಗುಂಡೂ ಮದ್ದಿನ ಅನಿಲವೂ ಮುಂದಕ್ಕೆ ಒಯ್ಯುವ ಸಂವೇಗವೆಷ್ಟೋ ಕೋವಿಗೆ ಹಿಂದಕ್ಕೆ ದೊರೆಯುವ ಸಂವೇಗವೂ ಅಷ್ಟೇ. ಎನ್.ಸಿ.ಸಿ. ಕೆಡೆಟ್ಟುಗಳು ಅಭ್ಯಾಸಕ್ಕೆ ಬಳಸುವ ಪಾಯಿಂಟ್ 22 ರೈಫಲಿನ ಗುಂಡು ಸುಮಾರು 2.6 ಗ್ರಾಂ ತೂಗುತ್ತದೆ. ಸೆಕೆಂಡಿಗೆ 330 ಮೀಟರ್ ವೇಗದಲ್ಲಿ ಅದರ ಸಂವೇಗ 1 ಮಾನಕ್ಕೂ ಕಡಿಮೆ. (ಒಂದು ಕಿಲೋಗ್ರಾಂ ವಸ್ತು ಸೆಕೆಂಡಿಗೆ ಒಂದು ಮೀಟರ್ ಚಲಿಸಿದರೆ ಒಂದು ಮಾನವೆಂದು ಇಲ್ಲಿ ಎಣಿಸಿದ್ದೇವೆ.) 1960ರ ದಶಕದಿಂದ ಪಶ್ಚಿಮ ಬಂಗಾಳದ ಇಷಾಪುರದಲ್ಲಿ ತಯಾರಾದ 7.62 ಮಿ.ಮೀ. ಎಸ್.ಎಲ್.ಆರ್. ರೈಫಲಿನ ಗುಂಡು ಸುಮಾರು 9.5 ಗ್ರಾಂ, ವೇಗ ಸುಮಾರು 840 ಮೀಟರ್. ಗುಂಡಿನ ಸಂವೇಗ 8 ಮಾನ. ಅನಿಲದ್ದನ್ನೂ ಕೂಡಿಸಿದರೆ ಹೆಚ್ಚುಕಡಿಮೆ 11.5 ಮಾನ. ನಾಲ್ಕೂವರೆ ಕಿಲೋಗ್ರಾಂ ತೂಕದ ರೈಫಲು ಇದರಿಂದ ಸೆಕೆಂಡಿಗೆ ಎರಡೂವರೆ ಮೀಟರಿಗೂ ಮಿಕ್ಕ ವೇಗದಲ್ಲಿ ಹಿಂದೆ ಸರಿದು ಸುಮಾರು 15 ಜೂಲ್ ಶಕ್ತಿಯಿಂದ ಭುಜವನ್ನು ಒತ್ತುತ್ತದೆ. ಅದೇ ತೋಟಾವನ್ನು 4.3 ಕಿಲೋಗ್ರಾಂ ರೈಫಲಿನಲ್ಲಿ ಹಾರಿಸಿದರೆ ಈ ಶಕ್ತಿ ನೂರಕ್ಕೆ ಐದರಷ್ಟು ಏರುತ್ತದೆ. ಅಂದರೆ, ಒಟ್ಟಿನಲ್ಲಿ ನೋಡಿದರೆ, ಹಗುರ ಕೋವಿಯೇ ಹೆಚ್ಚು ಒದೆಯುವುದು.

ನ್ಯೂಟನ್ನನು ಈ ನಿಯಮವನ್ನು 1687ರಲ್ಲಿ ಪ್ರಕಟಿಸುವ ಮೊದಲೇ ದಖ್ಖನಿನ ತೋಪುಗಾರರು ಅನುಭವದಿಂದ ಇದನ್ನು ಅರಿತಿದ್ದರು. 1549ರಲ್ಲಿ ಎರಕ ಹೊಯ್ದ, ಈಗ ವಿಜಯಪುರದಲ್ಲಿರುವ ಮಲಿಕ್-ಎ-ಮೈದಾನ್ ತೋಪಿನ ತೂಕ ಸುಮಾರು 55 ಟನ್. ಇಂಥ ಭಾರವೇ ಹಿಂದೊದೆತಕ್ಕೆ ಮೊದಲನೆಯ ತಡೆ. ದಖ್ಖನಿನ ಕೊತ್ತಲಗಳಲ್ಲಿ ದೊಡ್ಡ ತೋಪಿನ ಹಿಂದೆ ಕಲ್ಲಿನ ಅಡ್ಡಗಟ್ಟೆಯನ್ನು ಕಟ್ಟುತ್ತಿದ್ದುದು ಎರಡನೆಯ ತಡೆ. ಬತ್ತಿಯಿಂದ ಹೊತ್ತಿಸುವ ನಾಡಕೋವಿಗೆ ಭುಜವೇ ಅಡ್ಡಗಟ್ಟೆ. ಈ ಎಲ್ಲ ಆಯುಧಗಳಲ್ಲಿಯೂ ಗುಂಡು ಹಾರುವಾಗ ಒಳಗೆ ಓಡಾಡುವ ಭಾರವಾದ ಭಾಗ ಯಾವುದೂ ಇರಲಿಲ್ಲ. ಇಡೀ ಆಯುಧವು ಒಂದೇ ಬಾರಿಗೆ ಒದೆಯುತ್ತಿತ್ತು.

ಅರೆಸ್ವಯಂಚಾಲಿತ ರೈಫಲಿನ ಸಂಗತಿ ಬೇರೆ. ಎಸ್.ಎಲ್.ಆರ್.ನಲ್ಲಿ ಗುಂಡು ನಳಿಗೆಯೊಳಗೆ ಸಾಗುತ್ತಿರುವಾಗಲೇ ಅನಿಲದ ಒಂದಂಶವು ಚಿಕ್ಕ ರಂಧ್ರದಿಂದ ಹೊರಟು ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ನು ಬೋಲ್ಟಿನ ವಾಹಕವನ್ನು ಹಿಂದಕ್ಕೆ ನೂಕುತ್ತದೆ. ಬೋಲ್ಟಿನ ಬಿಗಿ ಸಡಿಲಿ ಖಾಲಿ ತೋಟಾ ಹೊರಬೀಳುತ್ತದೆ. ವಾಹಕವು ಹಿಂಗೊನೆಯನ್ನು ತಾಗಿ, ಸ್ಪ್ರಿಂಗಿನ ಬಲದಿಂದ ಮರಳಿ, ಹೊಸ ತೋಟಾವನ್ನು ಸೇರಿಸಿ ಮುಂದೆ ಬಂದು ನಿಲ್ಲುತ್ತದೆ. ಆದುದರಿಂದ ಹಾರಿಸುವವನಿಗೆ ಮೂರು ಅಲುಗಾಟಗಳು ತಟ್ಟುತ್ತವೆ: ಗುಂಡಿನ ಒದೆತ, ವಾಹಕವು ಹಿಂದೆ ತಾಗುವ ಪೆಟ್ಟು, ಅದು ಮುಂದೆ ಬಂದು ಬಡಿಯುವ ಪೆಟ್ಟು. ವಾಹಕವು ಒಟ್ಟು ಸಂವೇಗವನ್ನು ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲ; ಅದರ ಒಂದು ಪಾಲನ್ನು ಹಿಡಿದಿಟ್ಟು ತುಸು ತಡವಾಗಿ ಒಪ್ಪಿಸುತ್ತದೆ, ಅಷ್ಟೇ. ಆದರೆ ಗುರಿ ಕದಲುವುದಕ್ಕೂ ಎರಡನೆಯ ಗುಂಡು ತಡವಾಗುವುದಕ್ಕೂ ಈ ತಡವಾದ ಪೆಟ್ಟುಗಳು ಸಾಕು.

ಹೀಗಿರುವಲ್ಲಿ ವಾಹಕವನ್ನು ಹಗುರ ಮಾಡಿದರೆ ಏನಾದೀತು? ಲೆಕ್ಕದ ಅನುಕೂಲಕ್ಕಾಗಿ ಅದರ ಭಾರ ಅರ್ಧ ಕಿಲೋಗ್ರಾಂ, ವೇಗ ಸೆಕೆಂಡಿಗೆ 5 ಮೀಟರ್ ಎಂದಿಟ್ಟುಕೊಳ್ಳೋಣ. ಸಂವೇಗ 2.5 ಮಾನ, ಶಕ್ತಿ 6.25 ಜೂಲ್. ಭಾರವನ್ನು 300 ಗ್ರಾಮಿಗೆ ಇಳಿಸಿ ಅನಿಲದ ನೂಕನ್ನು ಹಾಗೆಯೇ ಬಿಟ್ಟರೆ ಸಂವೇಗವು ಬಹುಮಟ್ಟಿಗೆ ಅಷ್ಟೇ ಉಳಿಯುತ್ತದೆ. ವೇಗ ಮಾತ್ರ 8 ಮೀಟರನ್ನು ಮೀರುತ್ತದೆ, ಶಕ್ತಿ 10 ಜೂಲನ್ನು ದಾಟುತ್ತದೆ. ಪೆಟ್ಟು ತಗ್ಗುವ ಬದಲು ಇನ್ನೂ ಚುರುಕಾಗುತ್ತದೆ. ಅನಿಲವನ್ನು ತಗ್ಗಿಸಿ ವೇಗವನ್ನು ಮೊದಲಿನ 5 ಮೀಟರಿಗೆ ತಂದರೆ ಮಾತ್ರ ಸಂವೇಗ 1.5 ಮಾನಕ್ಕೆ ಇಳಿದು ಅಲುಗಾಟ ಕಡಿಮೆಯಾಗುತ್ತದೆ. ಹಗುರ ವಾಹಕಕ್ಕೆ ಅನಿಲದ ಹದವೂ ಜೊತೆಗೂಡಬೇಕು ಎಂಬುದೇ ಇಲ್ಲಿಯ ಮುಖ್ಯಾಂಶ. ಎಸ್.ಎಲ್.ಆರ್.ನಲ್ಲಿ ಅನಿಲವನ್ನು ಹೆಚ್ಚುಕಡಿಮೆ ಮಾಡುವ ತಿರುಗಣೆಯಿರುವುದರಿಂದ ಇಂಥ ಹದವು ಅದರಲ್ಲಿ ಸಾಧ್ಯ.

ಈ ಲಾಭಕ್ಕೂ ಬೆಲೆಯುಂಟು. ಧೂಳು, ಮಸಿ, ಒಣಗಿದ ಎಣ್ಣೆಗಳ ತಡೆಯನ್ನು ಭಾರವಾದ ವಾಹಕವು ತನ್ನ ಓಟದ ಬಲದಿಂದಲೇ ದಾಟುತ್ತದೆ. ಹಗುರವಾದದ್ದು ನಡುವೆ ನಿಂತುಬಿಡಬಹುದು. ಬೇಸಿಗೆಯಲ್ಲಿ ಧೂಳೇಳುವ ಕೂಡ್ಲಿಗಿ, ಕೊಟ್ಟೂರುಗಳ ಬಯಲನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅನಿಲವನ್ನು ತಗ್ಗಿಸದಿದ್ದರೆ ಹಗುರ ವಾಹಕವು ಬೇಗನೆ ಹಿಂದೆ ಸರಿದು, ನಳಿಗೆಯಲ್ಲಿ ಒತ್ತಡ ಇಳಿಯುವ ಮೊದಲೇ ಬೋಲ್ಟು ಬಿಚ್ಚಿ, ಖಾಲಿ ತೋಟಾ ಸಿಕ್ಕಿಬೀಳುವುದೂ ಹರಿಯುವುದೂ ಸಂಭವಿಸಬಹುದು. ಗುರಿಸ್ಪರ್ಧೆಯ ಕೋವಿಗೆ ಹಗುರ ಭಾಗಗಳು ಒಪ್ಪುತ್ತವೆ. ಕೆಸರಿನಲ್ಲೂ ಧೂಳಿನಲ್ಲೂ ಕೈಬಿಡಬಾರದ ಸೈನಿಕನ ಕೋವಿಯಲ್ಲಿ ಸ್ವಲ್ಪ ಹೆಚ್ಚಿನ ಭಾರವನ್ನು ಉಳಿಸಿಕೊಳ್ಳುವುದು ವಿವೇಕ.

ಇತಿಹಾಸದ ವಿದ್ಯಾರ್ಥಿಗೆ ಇದರಿಂದ ಒದಗುವ ಪಾಠವೊಂದಿದೆ. ಕೊತ್ತಲದ ಅಡ್ಡಗಟ್ಟೆಯಾಗಲಿ ರೈಫಲಿನ ಸ್ಪ್ರಿಂಗಾಗಲಿ ಹಿಂದೊದೆತವನ್ನು ಇಲ್ಲವಾಗಿಸಿದ್ದಲ್ಲ. ಅದು ಎಲ್ಲಿ, ಯಾವಾಗ, ಯಾರ ಮೇಲೆ ಬೀಳಬೇಕೆಂಬುದನ್ನು ನಿಶ್ಚಯಿಸಿದ್ದು. ಆದುದರಿಂದ ಗುಡೇಕೋಟೆಯಂಥ ಕೋಟೆಯನ್ನು ನೋಡಲು ಹೋದಾಗ ಗೋಡೆಯ ಎತ್ತರವನ್ನು ಮಾತ್ರ ಬರೆದುಕೊಂಡು ಬಂದರೆ ಸಾಲದು. ಕೊತ್ತಲದ ಮೇಲಿನ ಜಾಗವೆಷ್ಟು, ತೋಪಿಗೆ ಆಧಾರವೆಲ್ಲಿತ್ತು, ಅದರ ಹಿಂದೆ ಏನನ್ನು ಕಟ್ಟಿದ್ದರು ಎಂಬುದನ್ನೂ ಅಳೆದು ಬರೆದುಕೊಳ್ಳಬೇಕು. ತೋಪು ಕಣ್ಮರೆಯಾದ ಕಡೆಯಲ್ಲಿಯೂ ಅದರ ಒದೆತವನ್ನು ತಡೆದ ಕಲ್ಲು ಉಳಿದಿದ್ದೀತು.